ವರ್ಕರ್ ಯಾವಾಗ ಹೆಚ್ಚಬೇಕು? ಸಿಪಿಯು, ಸಾಲಿನ ಉದ್ದ, ಕಾಯುವ ಹೊತ್ತು: ಮೂರನ್ನೂ ನೋಡಿದೆ

ಕೊಡಗಿನಲ್ಲಿ ಜನವರಿ ಬಂತೆಂದರೆ ರೊಬಸ್ಟಾ ಕೊಯ್ಲು. ಸಂಜೆ ನಾಲ್ಕೂವರೆಗೆ ಚೀಲ ಹೊತ್ತವರು ತೂಕಕ್ಕೆ ನಿಲ್ಲುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಹೆಸರು ಕೂಗಿ, ಕಿಲೋ ನೋಡಿ, ಮೊಬೈಲಲ್ಲಿ ಒತ್ತುತ್ತಾರೆ. ಆ ಒಂದು ಒತ್ತಿಗೆ ನಮ್ಮ ಆ್ಯಪ್‌ನಲ್ಲಿ ಮೂರು ಕೆಲಸ ಹುಟ್ಟುತ್ತವೆ: ಕೂಲಿ ಲೆಕ್ಕ, ಚೀಟಿಯ ಪಿಡಿಎಫ್, ಕೊಯ್ದವರಿಗೆ ಎಸ್ಸೆಮ್ಮೆಸ್. ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪ ಎಲ್ಲ ಕಡೆ ತೂಕ ಒಂದೇ ಹೊತ್ತಿಗೆ. ರಾತ್ರಿ ಹತ್ತರ ಮೇಲೆ ಏನೂ ಇಲ್ಲ.

ಎಸ್ಸೆಮ್ಮೆಸ್ ತಡವಾದರೆ ಜನ ಲೈನ್ ಮನೆ ಸೇರಿಬಿಟ್ಟಿರುತ್ತಾರೆ. ತೂಕ ತಪ್ಪಿದ್ದರೆ ಕೇಳುವುದು ಯಾರನ್ನು? ನನಗೆ ಮುಖ್ಯವಾದದ್ದು ಇದು.

ಆ್ಯಪ್ ಬರೆದಿರುವುದು ರೈಲ್ಸ್ ಎಂಬ ವೆಬ್ ಚೌಕಟ್ಟಿನಲ್ಲಿ. ಕೆಲಸಗಳು ರೆಡಿಸ್ ಎಂಬ ಡೇಟಾ ಸಂಗ್ರಹದಲ್ಲಿ ಸಾಲು ನಿಲ್ಲುತ್ತವೆ, ಸೈಡ್‌ಕಿಕ್ ಎಂಬ ಪ್ರೋಗ್ರಾಂ ಎತ್ತಿಕೊಂಡು ಮುಗಿಸುತ್ತದೆ. ಓಡುತ್ತಿರುವ ಸೈಡ್‌ಕಿಕ್‌ನ ಒಂದೊಂದು ಪ್ರತಿಯೇ ಒಂದೊಂದು ವರ್ಕರ್. ಎಲ್ಲವೂ ಕುಬರ್ನೆಟಿಸ್ ಮೇಲೆ, ಬೇಕಾದಷ್ಟು ಪ್ರತಿ ಎಬ್ಬಿಸಿ ಇಳಿಸುವ ವ್ಯವಸ್ಥೆ ಅದು.

ಮೊದಲು ಸಿಪಿಯು ಎಷ್ಟು ದುಡಿಯುತ್ತಿದೆ ಎಂದು ನೋಡಿ ವರ್ಕರ್ ಹೆಚ್ಚಿಸುವ, ಕುಬರ್ನೆಟಿಸ್‌ನಲ್ಲೇ ಇರುವ ಎಚ್‌ಪಿಎ ಹಾಕಿದೆ. ಸಿಪಿಯು ಅಳೆಯುವ ಮೆಟ್ರಿಕ್ಸ್ ಸರ್ವರ್ ಒಂದಿದ್ದರೆ ಸಾಕು, 15 ಸೆಕೆಂಡಿಗೊಮ್ಮೆ ಲೆಕ್ಕ ನೋಡುತ್ತದೆ. ಆದರೆ ಎಸ್ಸೆಮ್ಮೆಸ್ ಕಳಿಸುವ ಕೆಲಸ ಜಾಸ್ತಿ ಹೊತ್ತು ಸುಮ್ನೆ ಉತ್ತರಕ್ಕೆ ಕಾಯುತ್ತಿರುತ್ತದೆ, ಅಲ್ವಾ? ಸಾಲು ಸಾವಿರ ದಾಟಿದ್ದರೂ ಸಿಪಿಯು ತಣ್ಣಗಿತ್ತು, ವರ್ಕರ್ ಒಂದೇ. ಪಿಡಿಎಫ್ ಮಾತ್ರ ಇರುವ ಆ್ಯಪ್‌ಗೆ ಇದು ಸಾಕಾದೀತು. ನಮಗೆ ಆಗಲಿಲ್ಲ.

ಎರಡನೆಯದು ಕೆಡಾ, ಸಿಪಿಯು ಬಿಟ್ಟು ಬೇರೆ ಅಳತೆ ನೋಡಿಯೂ ವರ್ಕರ್ ಏರಿಸಿ ಇಳಿಸುವ ಸಾಧನ. ಅದನ್ನು ಸಾಲಿನ ಉದ್ದ ನೋಡುವಂತೆ ಹಾಕಿದೆ. ಸೈಡ್‌ಕಿಕ್‌ನ ಸಾಲು ರೆಡಿಸ್‌ನ ಸಾದಾ ಲಿಸ್ಟ್, ಹಾಗಾಗಿ ಜೋಡಿಸುವುದು ಸುಲಭ. ಕೆಲಸವಿಲ್ಲದಾಗ ವರ್ಕರ್ ಸೊನ್ನೆಗೆ ಇಳಿಯುತ್ತದೆ. ಜೂನ್ ಜುಲೈ ಮಳೆಯಲ್ಲಿ ಕೊಯ್ಲೇ ಇಲ್ಲ, ಆ ತಿಂಗಳುಗಳ ಬಿಲ್ ನೋಡಿ ನಿಜಕ್ಕೂ ಖುಷಿಯಾಯಿತು. ತೊಂದರೆ ಕಂಡದ್ದು ಕೊಯ್ಲಿನಲ್ಲಿ. ಆರುನೂರು ಕೂಲಿ ಲೆಕ್ಕ ಹತ್ತು ಸೆಕೆಂಡಿನ ಮಾತು. ಅರವತ್ತು ಪಿಡಿಎಫ್ ನಿಮಿಷಗಟ್ಟಲೆ. ಉದ್ದ ಮಾತ್ರ ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಹಗುರ ರಾಶಿ ಬಿದ್ದ ಒಂದು ಸಂಜೆ ನಾನು ಕೊಟ್ಟಿದ್ದ ಮಿತಿಗೆ, 12 ವರ್ಕರ್‌ಗೆ, ಏರಿತು. ಒಂದೊಂದಕ್ಕೆ 10 ಥ್ರೆಡ್ (ಒಟ್ಟಿಗೆ ಹತ್ತು ಕೆಲಸ), ಥ್ರೆಡ್‌ಗೊಂದು ಕನೆಕ್ಷನ್, ಅಂದರೆ 120 ಡೇಟಾಬೇಸ್ ಕನೆಕ್ಷನ್. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ತಾನಾಗಿ ಇರುವ ಮಿತಿ 100. ಕನೆಕ್ಷನ್ ಸಿಗದೆ ಆ್ಯಪ್‌ನ ವೆಬ್ ಸರ್ವರ್ ಕೂಡ ನಿಂತಿತು. ತೂಕದ ಮುಂದೆ ನಿಂತ ರೈಟರ್ ಫೋನಿನಲ್ಲಿ ಎರರ್. ಅವರು ಬೀಡಿ ಕಟ್ಟಿನ ಹಿಂದೆ ಪೆನ್ನಿನಲ್ಲಿ ಬರೆದುಕೊಂಡರು. ಆ ಕಟ್ಟಿನ ಫೋಟೋ ಇನ್ನೂ ನನ್ನ ಹತ್ತಿರ ಇದೆ.

ಮೂರನೆಯದು ಕಾಯುವ ಹೊತ್ತು: ಸಾಲಿನ ಅತಿ ಹಳೆಯ ಕೆಲಸ ಎಷ್ಟು ಸೆಕೆಂಡಿನಿಂದ ನಿಂತಿದೆ ಎಂಬುದು. ಸೈಡ್‌ಕಿಕ್ ಅದನ್ನು ತಾನೇ ಹೇಳುತ್ತದೆ. ಅಳತೆಗಳನ್ನು ಕೂಡಿಡುವ ಪ್ರೊಮಿಥಿಯಸ್ ಮೂಲಕ ಕೆಡಾಗೆ ಮುಟ್ಟಿಸಬೇಕು, ಅದೊಂದು ಹೆಚ್ಚಿನ ಕೆಲಸ. ಆದರೆ ನನಗೆ ಬೇಕಿದ್ದ ಪ್ರಶ್ನೆಗೆ ನೇರ ಉತ್ತರ ಸಿಗುವುದು ಇಲ್ಲೇ: ಎಸ್ಸೆಮ್ಮೆಸ್ ಎಷ್ಟು ತಡ? ಹಗುರ ರಾಶಿಗೆ ವರ್ಕರ್ ಏರುವುದಿಲ್ಲ, ಭಾರದ್ದಕ್ಕೆ ಏರುತ್ತದೆ. ಒಂದು ಎಚ್ಚರ: ಈ ಅಳತೆ ಕೊಡುವ ಕೋಡನ್ನು ವರ್ಕರ್ ಒಳಗೆ ಇಡಬೇಡಿ. ನಾನು ಇಟ್ಟಿದ್ದೆ. ವರ್ಕರ್ ಸೊನ್ನೆಗೆ ಇಳಿದ ಮೇಲೆ ಅಳತೆ ಹೇಳುವವರೇ ಇರಲಿಲ್ಲ, ಬೆಳಗಿನ ಕೆಲಸ ಹಾಗೇ ನಿಂತಿತ್ತು. ಈಗ ವೆಬ್ ಕಡೆ ಇದೆ.

ಇಳಿಸುವಾಗಲೂ ಜಾಗ್ರತೆ ಬೇಕು, ಮೂರು ರೀತಿಯಲ್ಲೂ. ನಿಲ್ಲು ಎಂದ ಮೇಲೆ ಸೈಡ್‌ಕಿಕ್ 25 ಸೆಕೆಂಡ್ ಕಾಯುತ್ತದೆ, ಮುಗಿಯದ ಕೆಲಸವನ್ನು ಸಾಲಿಗೆ ವಾಪಸ್ ಹಾಕುತ್ತದೆ, ಅದು ಮತ್ತೆ ಮೊದಲಿಂದ ನಡೆಯುತ್ತದೆ. ಒಬ್ಬ ಅಕ್ಕನಿಗೆ ಹೀಗೆ ಎರಡು ಸಲ ಮೆಸೇಜ್ ಹೋಗಿ, ಬಟವಾಡೆ ದಿನ ಎರಡರ ದುಡ್ಡೂ ಕೇಳಿದರು. ಅವರ ತಪ್ಪೇನಿಲ್ಲ. ಈಗ ಪ್ರತಿ ತೂಕಕ್ಕೂ ಒಂದು ಗುರುತಿನ ಸಂಖ್ಯೆ ಇದೆ, ಕಳಿಸುವ ಮೊದಲು ಅದನ್ನು ನೋಡುತ್ತೇವೆ.

ಕಾಯುವ ಹೊತ್ತನ್ನೇ ಉಳಿಸಿಕೊಂಡೆ. ಆದರೂ ವರ್ಕರ್ ಎದ್ದು ನಿಲ್ಲಲು ಸಮಯ ಬೇಕು, ತೂಕದ ಹೊತ್ತು ಹೇಗೂ ಗೊತ್ತು. ಹಾಗಾಗಿ ಗಡಿಯಾರ ನೋಡಿ ವರ್ಕರ್ ಏರಿಸುವ ಕೆಡಾದ ಕ್ರಾನ್ ಟ್ರಿಗರ್ ಸೇರಿಸಿ, ಕೊಯ್ಲಿನಲ್ಲಿ 4:15ಕ್ಕೇ ನಾಲ್ಕು ವರ್ಕರ್ ಎಬ್ಬಿಸುತ್ತೇನೆ. ಎರಡು ಟ್ರಿಗರ್ ಇದ್ದಾಗ ದೊಡ್ಡ ಸಂಖ್ಯೆಯೇ ನಡೆಯುತ್ತದೆ. ವರ್ಕರ್ ಮಿತಿ ಈಗ 8, ವೆಬ್‌ಗೂ ಕನೆಕ್ಷನ್ ಉಳಿಯುತ್ತದೆ. ಈಗ ಚೀಲ ಟ್ರ್ಯಾಕ್ಟರ್ ಏರುವ ಮೊದಲೇ ಮೆಸೇಜ್ ಬರುತ್ತಿದೆ.