₹500ರ ಒಬಿಡಿ ಸ್ಕ್ಯಾನರ್: ತಗೊಳ್ಳಬಹುದಾ?

ತಗೊಳ್ಳಬಹುದು. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡುಗಳನ್ನು ಓದಿ ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ ಇದು. ಆದರೆ ಗಾಡಿ ರಿಪೇರಿ ಮಾಡಿಕೊಡುತ್ತದೆ ಅಂತಲ್ಲ, ಯಾವ ಪಾರ್ಟ್ ಹಾಕಿಸಬೇಕು ಅಂತ ಹೇಳುತ್ತದೆ ಅಂತಲೂ ಅಲ್ಲ. ಡ್ಯಾಶ್‌ಬೋರ್ಡಲ್ಲಿ ಹಳದಿ ಇಂಜಿನ್ ಲೈಟು ಹತ್ತಿದ ಕೂಡಲೇ ಸುತ್ತ ಸೇರುವ ಹತ್ತು ಜನರ ಹತ್ತು ಸಲಹೆಯಲ್ಲಿ ಯಾವುದನ್ನು ಮೊದಲು ಪರೀಕ್ಷೆ ಮಾಡಬೇಕು ಅಂತ ಗೊತ್ತಾಗಲಿಕ್ಕೆ ಇದು ಬೇಕು. ಅಷ್ಟಕ್ಕೆ ₹500 ಕೊಟ್ಟರೆ ಏನೂ ಮೋಸವಿಲ್ಲ.

ನನ್ನದು 2014ರ ವ್ಯಾಗನ್ ಆರ್, ಪೆಟ್ರೋಲ್, 998 ಸಿಸಿಯ ಮೂರು ಸಿಲಿಂಡರ್ ಇಂಜಿನ್. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕೆಲಸದ ಓಡಾಟ, ಆಗೀಗ ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೆ. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ-2 (ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಕೋಡ್ ಬರೆದಿಡುವ ವ್ಯವಸ್ಥೆ) ಕಡ್ಡಾಯವಾಗಿದೆ. ಹಾಗಾಗಿ ಅದರ ಈಚಿನ ಗಾಡಿಯಾದರೆ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಟಾರ್ಚ್ ಹಾಕಿ ನೋಡಿ, 16 ಪಿನ್ನಿನ ಒಂದು ಸಾಕೆಟ್ ಕಾಣುತ್ತದೆ. ಬೆಂಕಿಪೊಟ್ಟಣದಷ್ಟಿರುವ ಈ ಸ್ಕ್ಯಾನರನ್ನು ಅದಕ್ಕೆ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಫೋನಿನ ಬ್ಲೂಟೂತಲ್ಲಿ ಹುಡುಕಿದರೆ ಸಿಗುತ್ತದೆ. ಪಿನ್ ಕೇಳಿದರೆ 1234 ಅಥವಾ 0000. ಉಳಿದದ್ದೆಲ್ಲ ಫೋನಿನ ಆ್ಯಪ್ ಕೆಲಸ. ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಚೆನ್ನಾಗಿವೆ, ಪುಕ್ಕಟೆ ಆವೃತ್ತಿಯೇ ಸಾಕು.

ನಾನು ಇದನ್ನು ತರಿಸಿದ್ದು ಮಳೆಗಾಲದಲ್ಲಿ. ಘಾಟಿ ಹತ್ತುವಾಗ ಗಾಡಿ ಜರ್ಕ್ ಹೊಡೆಯುತ್ತಿತ್ತು, ಇಂಜಿನ್ ಲೈಟು ಮಿಣುಕುತ್ತಿತ್ತು. ಪಕ್ಕದ ಮನೆಯವರು, "ಪೆಟ್ರೋಲಲ್ಲಿ ನೀರು ಬಂದಿದೆ ಮಾರಾಯ್ತಿ, ಟ್ಯಾಂಕ್ ಕ್ಲೀನ್ ಮಾಡಿಸು" ಅಂದರು. ಆಫೀಸಿನವರು ಒಬ್ಬರು ಕ್ಲಚ್ ಪ್ಲೇಟ್ ಅಂದರು. ಒಂದು ಗ್ಯಾರೇಜಿನವರು ಪ್ಲಗ್ಗು, ಮೂರೂ ಕಾಯಿಲ್ಲು (ಪ್ಲಗ್ಗಿಗೆ ಕಿಡಿ ಹೊಡೆಯಲು ಕರೆಂಟು ಕೊಡುವ ಭಾಗ), ಇಂಜೆಕ್ಟರ್ ಕ್ಲೀನಿಂಗ್ ಎಲ್ಲ ಸೇರಿಸಿ ಬರೆದುಕೊಟ್ಟ ಅಂದಾಜು ಪಟ್ಟಿ ಹತ್ತು ಸಾವಿರ ದಾಟಿತ್ತು. ಹೆಂಗಸರು ಗಾಡಿ ತಂದರೆ ಪಟ್ಟಿ ಯಾಕೋ ತಾನಾಗಿಯೇ ಉದ್ದವಾಗುತ್ತದೆ, ಅದು ಬೇರೆ ಪುರಾಣ.

ಸ್ಕ್ಯಾನರ್ ಕೊಟ್ಟ ಕೋಡ್ ಪಿ0301, ಅಂದರೆ ಒಂದನೇ ಸಿಲಿಂಡರಲ್ಲಿ ಮಿಸ್‌ಫೈರ್, ಅಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಅಂತ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ಇರುತ್ತದೆ, ಹೆಚ್ಚಿನವರು ಅದನ್ನು ತೆರೆದೇ ನೋಡುವುದಿಲ್ಲ. ತೊಂದರೆ ಆದ ಆ ಗಳಿಗೆಯಲ್ಲಿ ಗಾಡಿ ಎಷ್ಟು ಸ್ಪೀಡಲ್ಲಿತ್ತು, ಆರ್‌ಪಿಎಂ ಎಷ್ಟು, ಇಂಜಿನ್ ಬಿಸಿ ಎಷ್ಟು, ಲೋಡ್ ಎಷ್ಟು ಅಂತ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ನನ್ನ ಗಾಡಿಯದರಲ್ಲಿ ಇಂಜಿನ್ ಪೂರ್ತಿ ಬಿಸಿಯಾಗಿ, ಲೋಡ್ ಜಾಸ್ತಿ ಇದ್ದಾಗ ಅಂತ ಇತ್ತು. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ, ಏರಿನಲ್ಲಿ ಮಾತ್ರ. ಲೋಡ್ ಬಿದ್ದಾಗ ಕೈಕೊಡುವುದು ಸೋತ ಕಾಯಿಲ್ಲಿನ ಲಕ್ಷಣ.

ಆದರೆ ಲಕ್ಷಣ ನೋಡಿ ದುಡ್ಡು ಖರ್ಚು ಮಾಡಬಾರದು. ಈ ಇಂಜಿನ್ನಲ್ಲಿ ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂತಿರುವುದರಿಂದ ಪೈಸೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಇಂಜಿನ್ ತಣ್ಣಗಾದ ಮೇಲೆ ಒಂದನೇ ಕಾಯಿಲ್ ಬಿಚ್ಚಿ ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಒಂದರ ಜಾಗಕ್ಕೆ ಹಾಕುವುದು. ತಲಾ ಒಂದು ಬೋಲ್ಟ್, ಒಂದು ಕನೆಕ್ಟರ್. ಕನೆಕ್ಟರಿನ ಲಾಕ್ ಒತ್ತಿ ಹಿಡಿದೇ ಎಳೆಯಬೇಕು, ವೈರು ಹಿಡಿದು ಎಳೆದರೆ ಹಳೇ ಪ್ಲಾಸ್ಟಿಕ್ ಪಟ್ ಅನ್ನುತ್ತದೆ. ಆಮೇಲೆ ಕೋಡ್ ಅಳಿಸಿ ಏರು ಹತ್ತಿಸಿದೆ. ಈ ಸಲ ಬಂದದ್ದು ಪಿ0303. ದೋಷ ಕಾಯಿಲ್ ಜೊತೆಗೇ ಮೂರನೇ ಸಿಲಿಂಡರಿಗೆ ಹೋಯಿತು! ಅದು ಒಂದರಲ್ಲೇ ಉಳಿದಿದ್ದರೆ ಪ್ಲಗ್ಗು, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಬೇಕಿತ್ತು. ಒಂದೇ ಒಂದು ಕಾಯಿಲ್ ತಂದು ಹಾಕಿದ್ದು, ಎರಡು ಸಾವಿರದ ಒಳಗೆ ಮುಗಿಯಿತು.

ಇಲ್ಲಿ ಒಂದು ಮಾತು. ಇಂಜಿನ್ ಲೈಟು ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಮಿಣುಕುತ್ತಿದ್ದರೆ ಮಾತ್ರ ಆಕ್ಸಿಲರೇಟರಿಂದ ಕಾಲು ತೆಗೆಯಿರಿ, ಜಾಗ ನೋಡಿ ನಿಲ್ಲಿಸಿ. ಮಿಸ್‌ಫೈರ್ ಆದಾಗ ಸುಡದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕೆಡಿಸುತ್ತದೆ. ಅದರ ಬೆಲೆ ಹತ್ತಾರು ಸಾವಿರ.

ಎರಡನೇ ಸಲ ಬಂದ ಕೋಡ್ ಇನ್ನೂ ಸ್ವಾರಸ್ಯದ್ದು: ಪಿ0113. ಇಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ಸರ್ಕ್ಯೂಟಲ್ಲಿ ವೋಲ್ಟೇಜ್ ಜಾಸ್ತಿ ಅಂತ ಅದರ ಅರ್ಥ. ಲೈವ್ ಡೇಟಾ ತೆರೆದರೆ ಗಾಳಿಯ ಉಷ್ಣತೆ ಮೈನಸ್ 40 ಡಿಗ್ರಿ! ತೀರ್ಥಹಳ್ಳಿಯಲ್ಲಿ! ಮೈನಸ್ 40 ಕಂಡರೆ ಸಾಮಾನ್ಯವಾಗಿ ವೈರು ಎಲ್ಲೋ ತುಂಡಾಗಿದೆ ಅಂತಲೇ ತಿಳಿಯಬೇಕು, ಸರ್ಕ್ಯೂಟ್ ಬಿಟ್ಟುಹೋದಾಗ ಕಂಪ್ಯೂಟರಿಗೆ ಕಾಣುವ ಸಂಖ್ಯೆ ಅದು. ಬರೀ ಕೋಡ್ ಓದಿದ್ದರೆ ಹೊಸ ಸೆನ್ಸರ್ ತರಿಸುತ್ತಿದ್ದರು. ಬಾನೆಟ್ ಎತ್ತಿ ವೈರಿನ ಗುಂಟ ಕೈಯಾಡಿಸಿದಾಗ ಸಿಕ್ಕಿದ್ದು ಇಲಿ ಕಡಿದ ಜಾಗ, ಅದರ ಕೆಳಗೆ ಅಡಿಕೆ ಸಿಪ್ಪೆಯ ನಾರಿನಲ್ಲಿ ಕಟ್ಟಿದ ಗೂಡು. ಊರಿನ ಮೆಕ್ಯಾನಿಕ್ಕು, "ಅಕ್ಕಾ, ಇದಕ್ಕೆ ದುಡ್ಡೇನು ತಗೊಳ್ಳೋದು" ಅಂತ ಬೆಸುಗೆ ಹಾಕಿ ಸ್ಲೀವ್ ತೊಡಿಸಿ ಕೊಟ್ಟ. ಹೊಗೆಸೊಪ್ಪು ಕಟ್ಟಿ ಅಂತಲೂ ಹೇಳಿದ. ಕಟ್ಟಿದ್ದೇನೆ. ಮಲೆನಾಡಿನ ಇಲಿಗಳು ಅದಕ್ಕೆ ಹೆದರುತ್ತವೆ ಅಂತ ನನಗೇನೂ ನಂಬಿಕೆಯಿಲ್ಲ.

ಹಳೇ ಕಾರು ಕೊಳ್ಳುವವರಿಗೆ ಇದರ ಉಪಯೋಗ ಎಲ್ಲಕ್ಕಿಂತ ದೊಡ್ಡದು. ಲೈಟು ಹತ್ತುವ ಗಾಡಿಯ ಕೋಡನ್ನು ಮಾರುವ ದಿನ ಬೆಳಿಗ್ಗೆ ಅಳಿಸಿಬಿಡುವುದು ಸುಲಭ. ಆದರೆ ಹಾಗೆ ಅಳಿಸಿದಾಗ ರೆಡಿನೆಸ್ ಮಾನಿಟರುಗಳೂ (ಗಾಡಿ ತನ್ನ ಒಂದೊಂದು ಭಾಗವನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅಂತ ತೋರಿಸುವ ಪಟ್ಟಿ) ಸೊನ್ನೆಗೆ ಬರುತ್ತವೆ, ಅವು ಮತ್ತೆ ಪೂರ್ತಿಯಾಗಲು ಹಲವು ದಿನ ಓಡಿಸಬೇಕು. ತಮ್ಮನಿಗೆ ಗಾಡಿ ನೋಡಲು ಹೋದಾಗ ನಾನು ಮೊದಲು ತೆರೆದದ್ದೇ ಆ ಪುಟ. ಒಂದೂ ಕೋಡ್ ಇಲ್ಲ, ಕ್ಯಾಟಲಿಸ್ಟ್ ಮತ್ತು ಆಕ್ಸಿಜನ್ ಸೆನ್ಸರ್ ಎರಡರ ಮುಂದೂ 'ಅಪೂರ್ಣ'. ಬ್ಯಾಟರಿ ಬಿಚ್ಚಿದ್ದರೂ ಹಾಗಾಗುತ್ತದೆ, ಅದಕ್ಕೇ ನೇರವಾಗಿ ಕೇಳಿದೆ. ಬ್ಯಾಟರಿ ಹಳೆಯದೇ ಅಂದರು, ಬಿಚ್ಚೇ ಇಲ್ಲ ಅಂದರು. ನಾವು ಚಾ ಕುಡಿದು ವಾಪಸ್ ಬಂದೆವು.

ಇನ್ನು ದೂರುಗಳು. ಪೊಟ್ಟಣದ ಮೇಲೆ ಇಎಲ್‌ಎಂ327 (ಇಂಥ ಸ್ಕ್ಯಾನರಿನ ಅಸಲಿ ಚಿಪ್ಪಿನ ಹೆಸರು) ಅಂತ ಬರೆದಿದ್ದರೂ ಒಳಗಿರುವುದು ನಕಲು ಚಿಪ್ಪು. ಅಸಲಿ ಚಿಪ್ಪು ಮಾಡುತ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 2022ರಲ್ಲೇ ಬಾಗಿಲು ಹಾಕಿತು. 'ವರ್ಷನ್ 1.5' ಅಂತ ಹೆಮ್ಮೆಯಿಂದ ಮಾರುತ್ತಾರಲ್ಲ, ಆ ವರ್ಷನ್ನನ್ನು ಆ ಕಂಪನಿ ಮಾಡಿಯೇ ಇರಲಿಲ್ಲ. ಹಾಗಂತ ಕೆಲಸ ಮಾಡುವುದಿಲ್ಲ ಅಂತಲ್ಲ, ಮಾಡುತ್ತದೆ. ಆದರೆ ನನ್ನದು ನಡುನಡುವೆ ಸಂಪರ್ಕ ಕಡಿದುಕೊಳ್ಳುತ್ತದೆ, ಗ್ರಾಫ್ ನೋಡುತ್ತಾ ಕೂತಾಗ ಸಿಟ್ಟು ಬರುತ್ತದೆ. ಬ್ಯಾಟರಿ ವೋಲ್ಟೇಜ್ ತೋರಿಸುವುದನ್ನೂ ಕಣ್ಣುಮುಚ್ಚಿ ನಂಬಬೇಡಿ, ಮಲ್ಟಿಮೀಟರಿಗೆ ಹೋಲಿಸಿ ಎಷ್ಟು ವ್ಯತ್ಯಾಸವಿದೆ ನೋಡಿಟ್ಟುಕೊಳ್ಳಿ. ಇಂಜಿನ್ ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಅನುಮಾನ ಬೇಡ. ಹೊಸ ಕಾರುಗಳಲ್ಲಿ ಇದು ಒಮ್ಮೊಮ್ಮೆ ಬೇಕೆಂದೇ ಇಳಿಯುವುದುಂಟು.

ಎಬಿಎಸ್, ಏರ್‌ಬ್ಯಾಗ್ ಲೈಟಿಗೆ ಇದು ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ, ಅವುಗಳ ಕೋಡ್ ಓದಲು ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು. ಏರ್‌ಬ್ಯಾಗ್ ವೈರಿಗೆ ಮನೆಯಲ್ಲಿ ಕೈ ಹಾಕುವುದೂ ಬೇಡ. ಐಫೋನ್ ಇರುವವರು ಅಗ್ಗದ ಬ್ಲೂಟೂತ್ ಸ್ಕ್ಯಾನರ್ ತಗೊಂಡರೆ ಅದು ಜೋಡಿಯಾಗುವುದೇ ಇಲ್ಲ. ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದನ್ನೇ ಕೇಳಿ ತಗೊಳ್ಳಿ. ಕೆಲಸ ಮುಗಿದ ಮೇಲೆ ಸಾಕೆಟಿಂದ ಕಿತ್ತು ಗ್ಲವ್ ಬಾಕ್ಸಲ್ಲಿ ಇಡಿ. ಕೀ ತೆಗೆದ ಮೇಲೂ ಆ ಸಾಕೆಟಿಗೆ ಬ್ಯಾಟರಿಯಿಂದ ಕರೆಂಟು ಬರುತ್ತಲೇ ಇರುತ್ತದೆ. ವಾರಗಟ್ಟಲೆ ಗಾಡಿ ನಿಂತರೆ ಸ್ಟಾರ್ಟ್ ಆಗದೆ ತಳ್ಳಬೇಕಾಗುತ್ತದೆ.

ಕೋಡ್ ಅಳಿಸುವ ಬಟನ್ ಒತ್ತುವ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಫ್ರೀಜ್ ಫ್ರೇಮ್ ಪುಟದ್ದೂ ಸೇರಿಸಿ. ಅಳಿಸಿದರೆ ಎರಡೂ ಹೋಗುತ್ತವೆ, ಮೆಕ್ಯಾನಿಕ್ ಮುಂದೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬಿಎಸ್6 ಡೀಸೆಲ್ ಗಾಡಿಯವರು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಾಗ ಇದರಿಂದಲೇ ರೀಜನರೇಷನ್ (ಆ ಮಸಿ ಸುಟ್ಟು ತೆಗೆಯುವುದು) ಮಾಡಿಸಬಹುದು ಅಂತ ಆಸೆಪಟ್ಟು ತಗೊಳ್ಳಬೇಡಿ. ಆ ಕೆಲಸ ಈ ಡಬ್ಬಿಯಿಂದ ಆಗುವುದಲ್ಲ, ಅದಕ್ಕೆ ಸರ್ವಿಸ್ ಸೆಂಟರಿಗೇ ಹೋಗಬೇಕು.