ಚಿಲಿಕಾಗೆ ಹೋಗೋದಾ, ಪುಲಿಕಾಟ್‌ಗಾ?

ಎರಡೂ ಬಂಗಾಳ ಕೊಲ್ಲಿಯ ಅಂಚಿನ ಹಿನ್ನೀರು, ಎರಡೂ ಸಮುದ್ರ ತಾನೇ ತಂದು ಪೇರಿಸಿದ ಮರಳಿನ ದಿಬ್ಬದ ಹಿಂದೆ ಹುಟ್ಟಿದವು. ಹೋಲಿಕೆ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು.

ಒಡಿಶಾದ ಚಿಲಿಕಾ ನಿಜಕ್ಕೂ ದೊಡ್ಡದು. ಸುಮಾರು 1,100 ಚದರ ಕಿ.ಮೀ., ದೋಣಿ ಏರಿದರೆ ಆಚೆ ದಡ ಕಾಣದು. ಒಂದು ಕಾಲದಲ್ಲಿ ಇದು ಕೊಲ್ಲಿಯದೇ ಭಾಗ. ಮಹಾನದಿಯ ಕವಲುಗಳು ಸಿಹಿನೀರನ್ನೂ ಹೂಳನ್ನೂ ತಂದವು, ಮರಳು ಬಾಯಿ ಕಟ್ಟಿತು. ಉಪ್ಪಿನಂಶ ಕುಸಿದು ಮೀನು ಕಡಿಮೆಯಾದಾಗ 2000ರಲ್ಲಿ ಹೊಸ ಅಳಿವೆಯನ್ನೇ ಕಡಿದು ತೆರೆದರು, ಸರೋವರ ಚೇತರಿಸಿಕೊಂಡಿತು. ಸಾತಪಾಡಾದ ಬಳಿ ಐರಾವಡಿ ಡಾಲ್ಫಿನ್‌ಗಳಿವೆ. ಆದರೆ ಅವು ನೆಗೆದು ಆಟ ತೋರಿಸುವ ಜಾತಿಯಲ್ಲ. ಮೊಂಡು ಮೂತಿ, ಬೂದು ಬೆನ್ನು ಒಂದು ಕ್ಷಣ ಕಂಡರೆ ಪುಣ್ಯ. ಹಕ್ಕಿಗಳೇ ಬೇಕಿದ್ದರೆ ಉತ್ತರ ದಂಡೆಯ ಮಂಗಳಾಜೋಡಿಗೆ ಹೋಗಿ. ಅಲ್ಲಿ ಮೋಟಾರಿಲ್ಲದ ದೋಣಿಯನ್ನು ಉದ್ದ ಕೋಲು ಊರಿ ನಡೆಸುತ್ತಾರೆ, ಬಾತುಗಳು ಬೆದರುವುದಿಲ್ಲ.

ಪುಲಿಕಾಟ್ ಆಂಧ್ರ-ತಮಿಳುನಾಡು ಗಡಿಯಲ್ಲಿದೆ, ಆಳ ಬಹಳ ಕಡಿಮೆ. ಫ್ಲೆಮಿಂಗೊಗಳಿಗೆ ಬೇಕಾದದ್ದೂ ಅದೇ. ಸುಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆ ನೀರಿನ ನಡುವೆಯೇ ಸಾಗುವುದರಿಂದ ದೋಣಿಯ ಗೊಡವೆಯಿಲ್ಲ. ಹತ್ತಿರದ ನೇಲಪಟ್ಟು ಹೆಜ್ಜಾರ್ಲೆಗಳ ತವರು. ಬೇಸಿಗೆಯಲ್ಲಿ ಮಾತ್ರ ಪುಲಿಕಾಟ್‌ನ ಬಹುಭಾಗ ಒಣಗಿ ಬಿರುಕು ಬಿಡುತ್ತದೆ.

ಬೆಂಗಳೂರಿನಿಂದ ಎರಡೇ ದಿನದ ರಜೆಯಿದ್ದರೆ ನಾನು ಪುಲಿಕಾಟ್ ಎನ್ನುತ್ತೇನೆ. ನಾಲ್ಕು ದಿನ ಸಿಕ್ಕರೆ ಚಿಲಿಕಾ. ಪುರಿಯೂ ಅಲ್ಲೇ ಪಕ್ಕ. ಎರಡಕ್ಕೂ ಡಿಸೆಂಬರ್-ಜನವರಿ ಒಳ್ಳೆಯ ಕಾಲ, ಬೈನಾಕ್ಯುಲರ್ ಮರೆಯಬೇಡಿ.