ಚಾರ್ಮಾಡಿ ಹತ್ತಿ ಮಾಳದಲ್ಲಿ ಇಳಿದ ಎರಡು ದಿನ: ಬಾಡಿಗೆ ಕಾರಿನ ಸೇವೆಯ ಕುರಿತು

ಅಕ್ಟೋಬರ್ ಕೊನೆಯಲ್ಲಿ, ಮಳೆ ಬಿಟ್ಟರೂ ಗುಡ್ಡಗಳ ಹಸಿರು ಮಾಸದಿದ್ದ ದಿನಗಳಲ್ಲಿ, 72 ವರ್ಷದ ನನ್ನ ತಾಯಿಯವರನ್ನು ಹೊರನಾಡಿಗೆ ಕರೆದೊಯ್ಯಲು ಮಂಗಳೂರಿನ ಒಂದು ಟ್ರಾವೆಲ್ಸ್‌ನಿಂದ ಚಾಲಕಸಹಿತ ಕಾರನ್ನು ಎರಡು ದಿನಕ್ಕೆ ಬಾಡಿಗೆಗೆ ಪಡೆದಿದ್ದೆ. ಉಜಿರೆಯ ಮೂಲಕ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ ಮತ್ತು ಕಳಸ ದಾಟಿ ಹೊರನಾಡಿನಲ್ಲಿ ರಾತ್ರಿ ತಂಗುವುದು, ಮರುದಿನ ಕುದುರೆಮುಖದ ದಾರಿಯಾಗಿ ಮಾಳ ಘಾಟಿ ಇಳಿದು ಕಾರ್ಕಳದಿಂದ ಹಿಂತಿರುಗುವುದು ಎಂದು ನಿಶ್ಚಯಿಸಿದ್ದೆವು. ಮನೆಯಲ್ಲಿ ಸ್ವಂತ ಕಾರಿದ್ದರೂ ಬಾಡಿಗೆ ಕಾರು ಹಿಡಿದದ್ದಕ್ಕೆ ಒಂದೇ ಕಾರಣ: ಘಾಟಿಯಲ್ಲಿ ಬೇಕಾದುದು ಕಾರಿಗಿಂತ ಹೆಚ್ಚಾಗಿ ಆ ರಸ್ತೆಯನ್ನು ಬಲ್ಲ ಚಾಲಕ. ನಮಗೆ ಸಿಕ್ಕಿದ ಚಾಲಕರು ಬೆಳ್ತಂಗಡಿ ಕಡೆಯವರು, ಚಾರ್ಮಾಡಿಯ ತಿರುವುಗಳನ್ನು ಅಂಗೈ ಗೆರೆಯಂತೆ ತಿಳಿದವರು.

ಮನೆಯಂಗಳದಲ್ಲೇ ಅವರು ತಾಯಿಯವರಿಗೆ, “ಅಮ್ಮ, ನೀವು ಮುಂದೆ ಕುಳಿತುಕೊಳ್ಳಿ, ಹಿಂದೆ ಕೂತರೆ ತಲೆ ತಿರುಗ್ತದೆ” ಎಂದು ಬಾಗಿಲು ತೆರೆದರು. ವಾಂತಿಯ ಭಯದಿಂದ ಬೆಳಿಗ್ಗೆಯಿಂದ ಏನನ್ನೂ ತಿನ್ನದಿದ್ದ ತಾಯಿಯವರಿಗೆ ಉಜಿರೆಯಲ್ಲಿ ಎರಡು ಇಡ್ಲಿಯನ್ನಾದರೂ ತಿನ್ನಲೇಬೇಕೆಂದು, ಖಾಲಿ ಹೊಟ್ಟೆಯಲ್ಲೇ ಸಂಕಟ ಹೆಚ್ಚೆಂದು ಒತ್ತಾಯಿಸಿದವರೂ ಅವರೇ. ಘಾಟಿಯುದ್ದಕ್ಕೂ ವಾಂತಿಗೆಂದು ಒಮ್ಮೆಯೂ ಕಾರು ನಿಲ್ಲಿಸುವ ಪ್ರಸಂಗ ಬರಲಿಲ್ಲ.

ಚಾರ್ಮಾಡಿ ರಸ್ತೆ ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರ ಭಾಗ. 2019ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿದ್ದನ್ನು ಈ ಭಾಗದವರು ಮರೆತಿಲ್ಲ. ಹೆದ್ದಾರಿಯೆಂಬ ಹೆಸರಿದ್ದರೂ ಕಡಿದಾದ ತಿರುವುಗಳಲ್ಲಿ ಉದ್ದನೆಯ ಬಸ್ಸೊಂದು ಬಂದರೆ ರಸ್ತೆಯೆಲ್ಲ ಅದಕ್ಕೇ ಬೇಕಾಗುತ್ತದೆ. ನಮ್ಮ ಚಾಲಕರು ತಿರುವಿಗೆ ಮೊದಲೇ ಹಾರ್ನ್ ಮಾಡಿ, ಮೇಲಿನಿಂದ ಬಸ್ಸು ಇಳಿಯುವ ಸದ್ದು ಕೇಳಿದರೆ ಹಿಂದೆಯೇ ಅಗಲವಾದ ಜಾಗ ನೋಡಿ ಕಾಯುತ್ತಿದ್ದರು. ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ನಿಯಮವಾದರೂ, ಬಸ್ಸಿನ ಹಿಂಗಾಲಿ ತಿರುಗುವುದಕ್ಕೆ ಜಾಗವಿಲ್ಲದ ಕಡೆ ಆ ಹಕ್ಕನ್ನು ಹಿಡಿದು ಕೂರಲಿಲ್ಲ. ಆಲೇಖಾನ್ ಜಲಪಾತದ ಬಳಿ ಕೆಲವು ಹುಡುಗರು ಜಾರುವ ಬಂಡೆ ಹತ್ತುತ್ತಿದ್ದುದನ್ನು ಕಂಡು, ನಾವು ಕೇಳಿಕೊಂಡರೂ ಅಲ್ಲಿ ನಿಲ್ಲಿಸಲು ಒಪ್ಪದೆ, ಮುಂದೆ ಕಣಿವೆ ತೆರೆದುಕೊಳ್ಳುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದರು. ಮಂಜು ಸರಿದು ಕೆಳಗಿನ ಕಾಡು ಕಾಣಿಸಿದಾಗ ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಆ ಊರಿನ ಹೆಸರು ಬಂದರೆ ನೀರುದೋಸೆಯ ಮಾತೂ ಬರುವುದು ಸುಮ್ಮನೆ ಅಲ್ಲ. ಕಾವಲಿಯಿಂದ ತೆಗೆದ ದೋಸೆ ನಾಲ್ಕು ಮಡಿಕೆಯಾಗಿ ತಟ್ಟೆಗೆ ಬಿದ್ದಾಗ ಅದರ ಅಂಚು ಕರವಸ್ತ್ರದಷ್ಟು ಮೆತ್ತಗಿತ್ತು. ಅಲ್ಲಿಂದ ಕಳಸದವರೆಗೆ ಕಾಫಿ ತೋಟಗಳ ನಡುವಿನ ರಸ್ತೆ. ಹೇಮಾವತಿಯ ಹುಟ್ಟೂರು ಜಾವಳಿಯೂ ಇದೇ ಸೀಮೆಯಲ್ಲಿದೆ. ಕಳಸೇಶ್ವರನ ದರ್ಶನವಾದ ಬಳಿಕ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ರಾತ್ರಿಯ ಪ್ರಸಾದ ಸ್ವೀಕರಿಸಿದೆವು.

ಮರುದಿನದ ದಾರಿಯೇ ಈ ಪ್ರವಾಸದ ಜೀವ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ತಪಾಸಣಾ ಠಾಣೆಯಲ್ಲಿ ಹೊತ್ತು ನಮೂದಿಸಿದ ಚೀಟಿ ಕೊಡುತ್ತಾರೆ. ನಡುವೆ ನಿಲ್ಲದೆ, ಗೊತ್ತುಪಡಿಸಿದ ಸಮಯದೊಳಗೆ ಇನ್ನೊಂದು ತುದಿ ಸೇರಬೇಕು. ಚಾಲಕರು ಚೀಟಿಯನ್ನು ಡ್ಯಾಶ್‌ಬೋರ್ಡಿನ ಮೇಲಿರಿಸಿ, ನಿಲ್ಲಿಸುವ ಅವಕಾಶವಿಲ್ಲದ ಕಾರಣ ಕಿಟಕಿಯಿಂದಲೇ ಕಣ್ತುಂಬ ನೋಡಲೆಂದು ನಿಧಾನವಾಗಿ ಓಡಿಸಿದರು. ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ನಿಂತ ಶೋಲಾ ಕಾಡು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತ ಊರು ಇದು. ಗಣಿಯ ಕಾಲದಲ್ಲಿ ಬೆಳೆದ ಮಲ್ಲೇಶ್ವರದ ವಸತಿ ಮನೆಗಳು ಈಗ ಬಹುಪಾಲು ಬರಿದಾಗಿವೆ, ಸುತ್ತಲಿನ ಗುಡ್ಡಗಳು ಮಾತ್ರ ಹಸಿರಾಗಿವೆ. ಆ ಕಾಡು ಉಳಿದುದಕ್ಕೆ ನನಗೆ ನಿಜವಾಗಿಯೂ ಸಂತೋಷವಾಯಿತು.

ಮಾಳ ಘಾಟಿಯ ಇಳಿಜಾರಿನಲ್ಲಿ ಅವರ ಕೈಚಳಕ ಇನ್ನಷ್ಟು ಸ್ಪಷ್ಟವಾಯಿತು. ಎರಡನೆಯ ಗೇರಿನಲ್ಲೇ ಇಳಿಯುತ್ತ, ಎಂಜಿನ್ನಿನ ಹಿಡಿತದಿಂದ ವೇಗ ತಗ್ಗಿಸಿ, ಬ್ರೇಕನ್ನು ತಿರುವಿನಲ್ಲಿ ಮಾತ್ರ ಒತ್ತುತ್ತಿದ್ದರು. ಬದಿಯಲ್ಲಿ ನಿಂತಿದ್ದ ಒಂದು ಕಾರಿನಿಂದ ಬ್ರೇಕು ಸುಟ್ಟ ವಾಸನೆ ಬರುತ್ತಿತ್ತು. ಇವರು ನಿಲ್ಲಿಸಿ, ಚಕ್ರಕ್ಕೆ ನೀರು ಹಾಕದೆ ತಾನಾಗಿ ತಣಿಯಲು ಬಿಡುವಂತೆ ಆ ಕಾರಿನವರಿಗೆ ತಿಳಿಸಿಯೇ ಮುಂದೆ ಹೊರಟರು.

ನನ್ನ ಅಸಮಾಧಾನವಿರುವುದು ಬಿಲ್ಲಿನ ಬಗ್ಗೆ. ನಾವು ಓಡಿದ್ದು ಸುಮಾರು 300 ಕಿಲೋಮೀಟರ್. ಹಣ ಕೊಟ್ಟದ್ದು ದಿನಕ್ಕೆ ಕನಿಷ್ಠ 250ರಂತೆ 500 ಕಿಲೋಮೀಟರಿಗೆ. ಈ ಷರತ್ತನ್ನು ಫೋನಿನಲ್ಲಿ ಹೇಳದೆ ಕೊನೆಗೆ ತೋರಿಸಿದ್ದು ಸರಿಯಲ್ಲ. ಬೆಂಗಳೂರಿನಂತಹ ದೂರದ ಊರಿಗೆ ಈ ಲೆಕ್ಕ ಹೊಂದೀತು, ಗಂಟೆಗೆ 30 ಕಿಲೋಮೀಟರ್ ಸಾಗುವುದೇ ಕಷ್ಟವಾದ ಘಾಟಿಗೆ ಹೊಂದದು. ಇದೇ ಸುತ್ತಿಗೆ ಹೋಗುವವರು ದಿನಬಾಡಿಗೆ ಮತ್ತು ಇಂಧನವನ್ನು ಬೇರೆಬೇರೆಯಾಗಿ ಮಾತಾಡಿಕೊಂಡು, ಚಾಲಕರ ಬಾಟಾ (ದಿನಭತ್ಯೆ) ಎಷ್ಟೆಂಬುದನ್ನೂ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಎತ್ತರದ ಕಾರು ಕೇಳಿದ್ದ ನಮಗೆ ಸೆಡಾನ್ ಕಳುಹಿಸಿದ್ದರು, ಅದರ ತಳ ಎರಡು ಕಡೆ ರಸ್ತೆಗೆ ತಾಗಿತು.

ಟ್ರಾವೆಲ್ಸ್‌ಗೆ ನಾನು ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಚಾಲಕರಿಗೆ ಐದಕ್ಕೆ ಐದು. ಇಳಿಯುವಾಗ ಅವರ ಫೋನ್ ನಂಬರನ್ನು ತಾಯಿಯವರು ತಮ್ಮ ಪುಟ್ಟ ಪುಸ್ತಕದಲ್ಲಿ ತಾವೇ ಬರೆದುಕೊಂಡರು.